ಒಳಕೋಣೆಗೂ ವೈಫೈ

ಕಾಸರಗೋಡಿನ ಕಡೆ ಹಳೇ ಮನೆಗಳಿಗೆ ಮುರಕಲ್ಲಿನ ದಪ್ಪ ಗೋಡೆ. ವೈಫೈ ಪೆಟ್ಟಿಗೆ ಚಾವಡಿಯಲ್ಲಿ. ಅಲ್ಲಿ ಫೋನು ಚೆನ್ನಾಗಿ ನಡೀತದೆ. ಒಳಕೋಣೆಯಲ್ಲಿ ಸಿಗ್ನಲ್ ಇಲ್ಲ. ಹಾಸಿಗೆ ಹಿಡಿದ ಅಜ್ಜಿ ಗಲ್ಫಿನಲ್ಲಿರುವ ಮಗನ ಮುಖ ನೋಡೋದು ಹೇಗೆ?

ಇದಕ್ಕೆ ರಿಪೀಟರ್ ಇದೆ. ಅದು ಪ್ಲಗ್ಗಿಗೆ ಹಾಕುವ ಸಣ್ಣ ಪೆಟ್ಟಿಗೆ. ಬಂದ ಸಿಗ್ನಲನ್ನು ಹಿಡಿದು ಮುಂದಕ್ಕೆ ಕಳಿಸುತ್ತದೆ. ತಾನಾಗಿ ಹುಟ್ಟಿಸೋದಿಲ್ಲ.

ಎಲ್ಲಿ ಹಾಕಬೇಕು?
ಸಿಗ್ನಲ್ ಇಲ್ಲದ ಕೋಣೆಯಲ್ಲಿ ಬೇಡ. ಅಲ್ಲಿ ಹಿಡಿಯಲು ಏನೂ ಇಲ್ಲ. ಫೋನು ಹಿಡಿದು ಚಾವಡಿಯಿಂದ ಒಳಗೆ ನಡೆಯಿರಿ. ಸಿಗ್ನಲ್ ಚೆನ್ನಾಗಿರುವ ನಡುವಿನ ಜಾಗ ನೋಡಿ ಹಾಕಿ.

ಹೇಗೆ ಜೋಡಿಸಬೇಕು?
1. ಎರಡು ಪೆಟ್ಟಿಗೆಯಲ್ಲೂ ಡಬ್ಲ್ಯೂಪಿಎಸ್ ಗುಂಡಿ ಇದೆಯಾ ನೋಡಿ.
2. ಮೊದಲು ವೈಫೈ ಪೆಟ್ಟಿಗೆಯ ಗುಂಡಿ ಒತ್ತಿ.
3. ಎರಡು ನಿಮಿಷದೊಳಗೆ ರಿಪೀಟರಿನ ಗುಂಡಿ ಒತ್ತಿ.
ಗುಂಡಿ ಇಲ್ಲದಿದ್ದರೆ ಫೋನಿನಲ್ಲೇ ಜೋಡಿಸಬೇಕು. ಮನೆಯ ಮಕ್ಕಳ ಸಹಾಯ ತಗೊಳ್ಳಿ.

ನೆನಪಿಡಿ
ರಿಪೀಟರಿನಿಂದ ವೇಗ ತಗ್ಗುತ್ತದೆ. ಕೊಳ್ಳುವ ಮೊದಲು ವೈಫೈ ಪೆಟ್ಟಿಗೆಯನ್ನೇ ಮನೆಯ ನಡುವೆ, ಎತ್ತರದಲ್ಲಿ ಇಟ್ಟು ನೋಡಿ. ಅಷ್ಟರಲ್ಲೇ ಕೆಲಸ ಆದರೆ ದುಡ್ಡು ಉಳಿಯಿತು.

ಉತ್ತರ ಹೇಳಿ
1. ರಿಪೀಟರ್ ಏನು ಮಾಡುತ್ತದೆ?
2. ಅದನ್ನು ಒಳಕೋಣೆಯಲ್ಲಿ ಯಾಕೆ ಹಾಕಬಾರದು?
3. ನಿಮ್ಮ ಮನೆಯಲ್ಲಿ ಸಿಗ್ನಲ್ ಎಲ್ಲಿ ನಿಲ್ಲುತ್ತದೆ? ಬರೆಯಿರಿ.