ಭೂಪಟವೂ ನೆಲವೂ

ಹಿಂದಿನ ಕಾಲದ ದಾರಿಹೋಕನು ಇರುಳಿನಲ್ಲಿ ಧ್ರುವನಕ್ಷತ್ರವನ್ನು ನೋಡಿ ದಿಕ್ಕನ್ನು ತಿಳಿಯುತ್ತಿದ್ದನು. ಇಂದಿನ ಪ್ರಯಾಣಿಕನಿಗೆ ಮನುಷ್ಯನೇ ನಿರ್ಮಿಸಿದ ಉಪಗ್ರಹಗಳು ನೆರವಾಗುತ್ತಿವೆ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿರುತ್ತವೆ. ಪ್ರತಿಯೊಂದರಲ್ಲಿಯೂ ಅತಿ ನಿಖರವಾದ ಪರಮಾಣು ಗಡಿಯಾರಗಳಿರುತ್ತವೆ. ಉಪಗ್ರಹದ ಸಂಕೇತವು ನಮ್ಮ ಕೈಯಲ್ಲಿರುವ ಉಪಕರಣವನ್ನು ತಲುಪಲು ಹಿಡಿದ ಕಾಲದಿಂದ ಅದರ ದೂರವನ್ನು ಲೆಕ್ಕಹಾಕಬಹುದು. ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ನಾವು ನಿಂತಿರುವ ಸ್ಥಳವು ಕೆಲವೇ ಮೀಟರುಗಳ ಅಂತರದಲ್ಲಿ ಗೊತ್ತಾಗುತ್ತದೆ.

ಆದರೆ ಉಪಗ್ರಹವು ತಿಳಿಸುವುದು ಸ್ಥಳವನ್ನು ಮಾತ್ರ. ದಾರಿಯನ್ನು ತೋರಿಸುವುದು ಉಪಕರಣದೊಳಗಿನ ಭೂಪಟ. ಅದನ್ನು ಮನುಷ್ಯರೇ ಸಿದ್ಧಪಡಿಸಿರುತ್ತಾರೆ. ನೆಲವು ಬದಲಾದಾಗ ಭೂಪಟವು ತಾನಾಗಿಯೇ ಬದಲಾಗುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡೆತ್ ವ್ಯಾಲಿ, ಎಂದರೆ ಸಾವಿನ ಕಣಿವೆ, ಎಂಬ ಮರುಭೂಮಿಯಿದೆ. 1913ರ ಜುಲೈನಲ್ಲಿ ಅಲ್ಲಿ 56.7 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. 2009ರ ಆಗಸ್ಟ್ ತಿಂಗಳಿನಲ್ಲಿ ಒಬ್ಬ ತಾಯಿ ತನ್ನ ಮಗನೊಡನೆ ಅಲ್ಲಿ ಬಿಡಾರ ಹೂಡಲು ಹೊರಟಳು. ಉಪಕರಣವು ತೋರಿದ ದಾರಿಯನ್ನು ನಂಬಿ ನಡೆಸಿದ ವಾಹನವು ನಿರ್ಜನ ಸ್ಥಳದಲ್ಲಿ ಮರಳಿನಲ್ಲಿ ಹೂತುಹೋಯಿತು. ಐದು ದಿನಗಳ ಬಳಿಕ ಅರಣ್ಯರಕ್ಷಕರು ಅವರನ್ನು ಕಂಡರು. ತಾಯಿ ಬದುಕಿದ್ದಳು, ಮಗನು ತೀರಿಕೊಂಡಿದ್ದನು. ಆ ಪ್ರದೇಶದಲ್ಲಿ ಹಿಂದಿನ ಗಣಿಗಾರಿಕೆಯ ಕಾಲದ ಎಷ್ಟೋ ಹಾದಿಗಳು ನೆಲದ ಮೇಲೆ ಅಳಿಸಿಹೋಗಿದ್ದರೂ ಭೂಪಟಗಳಲ್ಲಿ ಹಾಗೆಯೇ ಉಳಿದಿದ್ದವು.

ಹಾಗೆಂದು ಉಪಕರಣವನ್ನು ತೊರೆಯಬೇಕಾಗಿಲ್ಲ. ಅದನ್ನು ಬಳಸುವ ಕ್ರಮವನ್ನು ಅರಿಯಬೇಕು. ಕಾಡುಮೇಡುಗಳಲ್ಲಿ ದೂರವಾಣಿಯ ಸಂಪರ್ಕ ದೊರೆಯದಿರಬಹುದು. ಆಗಲೂ ಉಪಗ್ರಹದ ಸಂಕೇತವು ದೊರೆಯಬಲ್ಲದು. ಆದರೆ ಭೂಪಟವು ತೆರೆದುಕೊಳ್ಳದು. ಆದುದರಿಂದ ಅದನ್ನು ಹೊರಡುವ ಮೊದಲೇ ಮೊಬೈಲಿನಲ್ಲಿ ಇಳಿಸಿಕೊಂಡಿರಬೇಕು. ಭೂಪಟದ ಸಮೋನ್ನತಿ ರೇಖೆಗಳು ಒತ್ತಾಗಿರುವೆಡೆ ಇಳಿಜಾರು ಕಡಿದಾಗಿದೆಯೆಂದು ತಿಳಿಯಬೇಕು. ದಟ್ಟವಾದ ಮರಗಳ ನೆರಳಿನಲ್ಲಿಯೂ ಆಳವಾದ ಕಮರಿಗಳಲ್ಲಿಯೂ ಸಂಕೇತವು ದುರ್ಬಲವಾಗುವುದುಂಟು. ಬ್ಯಾಟರಿ ಬರಿದಾದಾಗ ಕಾಗದದ ಭೂಪಟ ಮತ್ತು ದಿಕ್ಸೂಚಿಗಳೇ ಗತಿ. ಸಾಕಷ್ಟು ನೀರನ್ನು ಒಯ್ಯಬೇಕು. ಹೋಗುವ ದಾರಿಯನ್ನೂ ಮರಳುವ ದಿನವನ್ನೂ ಮನೆಯವರಿಗೆ ತಿಳಿಸಿರಬೇಕು. ಸ್ಥಳೀಯರನ್ನು ವಿಚಾರಿಸಲು ಸಂಕೋಚಪಡಬಾರದು. ಕಳೆದ ಮಳೆಗಾಲದಲ್ಲಿ ಕೊಚ್ಚಿಹೋದ ಹಾದಿಯನ್ನು ಭೂಪಟಕ್ಕಿಂತ ಮೊದಲು ಬಲ್ಲವನು ದನ ಕಾಯುವ ಹುಡುಗ.

ಪರದೆಯ ಮೇಲಿನ ಗೆರೆಯೂ ಕಣ್ಣೆದುರಿನ ನೆಲವೂ ಹೊಂದದಿದ್ದಾಗ ನೆಲವನ್ನೇ ನಂಬಬೇಕು. ಮುಂದಿನ ದಾರಿ ಸಂದೇಹಕರವಾದರೆ, ಬಂದ ದಾರಿ ಸ್ಪಷ್ಟವಾಗಿರುವಾಗಲೇ ಹಿಂದಿರುಗುವುದು ಜಾಣತನ.