ಹೂಳುವಷ್ಟು ನೆಲ

ಮಕ್ಕಳೇ, ಸಮಾಧಿಯ ವಿಷಯಕ್ಕೆ ಊರಲ್ಲಿ ಮಾತು ಬೆಳೆದರೆ ಮೊದಲು ನೆಲದ ಕಾಗದ ನೋಡಿ. ಕಣ್ಣೀರು, ಸಿಟ್ಟು, ನಮ್ಮ ತಾತ ಅವರ ತಾತ, ಎಲ್ಲ ಆಮೇಲೆ.

ತಮಿಳುನಾಡಿನ ನಮ್ಮ ಜವಳಗಿರಿ ಸುತ್ತಿನ ಸುಡುಗಾಡುಗಳು ಹೆಚ್ಚಾಗಿ ಪೊರಂಬೋಕು. ಯಾರ ಪಟ್ಟಾನೂ ಅಲ್ಲ, ಪಂಚಾಯತಿ ನೋಡಿಕೊಳ್ಳಬೇಕಾದ ಜಾಗ. ಜಗಳ ಹುಟ್ಟುವುದೂ ಇಲ್ಲೇ. ಒಬ್ಬರು ಅಪ್ಪನ ಗುಡ್ಡೆಯ ಮೇಲೆ ಸಿಮೆಂಟು ಹಾಕುತ್ತಾರೆ. ಮುಂದಿನ ವರ್ಷ ಟೈಲ್ಸು, ಅದರ ಮುಂದಿನ ವರ್ಷ ಕಂಬಿ ಬೇಲಿ. ಪಕ್ಕದ ಮನೆಯವರು ಗುಂಡಿ ತೆಗೆಯುವಾಗ ಮಣ್ಣು ಟೈಲ್ಸಿನ ಮೇಲೆ ಬಿದ್ದರೆ ಮುಗಿಯಿತು, ಹೆಣ ಇನ್ನೂ ಚಟ್ಟದ ಮೇಲಿರುವಾಗಲೇ ಕೈ ಕೈ ಮಿಲಾಯಿಸುತ್ತಾರೆ. ಟೈಲ್ಸು ಹಾಕಿದವರಿಗೆ ಪ್ರೀತಿ ಇಲ್ಲ ಎನ್ನುವುದಿಲ್ಲ. ಆದರೆ ಆರಡಿ ಮೂರಡಿ ಸಾಕಾಗುವ ಕಡೆ ಹತ್ತಡಿ ಹಿಡಿದರೆ, ನಾಳೆ ಸಾಯುವ ಬಡವನ ಜಾಗ ಹೋಯಿತು. ಮಣ್ಣಿನ ಗುಡ್ಡೆ ಕಾಲಕ್ರಮದಲ್ಲಿ ಕುಸಿದು ಇನ್ನೊಬ್ಬರಿಗೆ ಎಡೆ ಕೊಡುತ್ತದೆ, ಕಾಂಕ್ರೀಟು ಕೊಡುವುದಿಲ್ಲ.

ಕಾಂಕ್ರೀಟು ಹಾಕಿದರೆ ಹೆಸರು ಉಳಿಯುತ್ತದೆ ಎನ್ನುವವರು ಕೃಷ್ಣಗಿರಿ ಹತ್ತಿರದ ಮಲ್ಲಚಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಬಂಡೆಯ ಮೇಲೆ ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲುಗೂಡುಗಳಿವೆ, ಸಾವಿರಾರು ವರ್ಷ ಹಳೆಯವು. ಗಾರೆ ಇಲ್ಲ, ಸಿಮೆಂಟು ಇಲ್ಲ, ಇನ್ನೂ ನಿಂತಿವೆ. ಒಳಗಿದ್ದವರು ಯಾರು ಅಂತ ಹೇಳುವವರು ಮಾತ್ರ ಒಬ್ಬರೂ ಇಲ್ಲ.

ಇನ್ನು ಕಾಗದದ ಮಾತು. ನಟ ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಅಂತ್ಯಕ್ರಿಯೆ ನಡೆದದ್ದು ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿ. ಆ ಸ್ಟುಡಿಯೋ ಕಟ್ಟಿದವರು ನಟ ಟಿ. ಎನ್. ಬಾಲಕೃಷ್ಣ. ಆ ಜಾಗ ಯಾರದು, ಅಲ್ಲಿ ಸ್ಮಾರಕ ಇರಬಹುದೇ ಎಂಬ ತಗಾದೆ ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಸರ್ಕಾರದ ಸ್ಮಾರಕ ಮೈಸೂರಿನಲ್ಲಿ ಎದ್ದು, 2023ರ ಜನವರಿಯಲ್ಲಿ ಉದ್ಘಾಟನೆಯೂ ಆಯಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸಮಾಧಿ ನೆಲಸಮವಾಯಿತು. ಲಕ್ಷಾಂತರ ಅಭಿಮಾನಿಗಳಿದ್ದವರ ಗತಿಯೇ ಹೀಗಾದ ಮೇಲೆ ನಮ್ಮ ನಿಮ್ಮದೇನು? ಪ್ರೀತಿ ಎಷ್ಟಿದ್ದರೂ ಸರ್ವೆ ನಂಬರಿನ ಮುಂದೆ ಅದು ಸಾಕ್ಷಿಯಾಗುವುದಿಲ್ಲ.

ಹಾಗೆಂದು ತೋಟದಲ್ಲೇ ಹೂತುಬಿಡೋಣ ಎಂದು ಹೊರಡಬೇಡಿ. ತಮಿಳುನಾಡಿನ 1999ರ ಗ್ರಾಮ ಪಂಚಾಯತಿ ನಿಯಮಗಳಿವೆ. ಹೊಸ ಸುಡುಗಾಡಿಗೆ ಪರವಾನಗಿ ಬೇಕು, ಮನೆಯಿಂದಲೂ ಕುಡಿಯುವ ನೀರಿನ ಜಾಗದಿಂದಲೂ 90 ಮೀಟರ್ ದೂರವಿರಬೇಕು. ಬೇರೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ಸುಡುಗಾಡಿಗೆ ನುಗ್ಗಿದರೆ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು. ರಾತ್ರಿ ಕುಡಿದು ಹೋಗಿ ಎದುರಾಳಿಯ ಕಲ್ಲು ಕಿತ್ತು ಬರುವ ಶೂರರಿಗೆ ಇದನ್ನು ಹೇಳಿಬಿಡಿ.

ಎಲ್ಲಕ್ಕಿಂತ ಕೆಟ್ಟದ್ದು, ‘ನಿಮ್ಮವರು ಇಲ್ಲಿ ಬೇಡ’ ಎನ್ನುವ ಮಾತು. ಛತ್ತೀಸಗಢದ ಬಸ್ತರಿನಲ್ಲಿ ಒಬ್ಬ ಕ್ರೈಸ್ತ ಪಾದ್ರಿಯ ಹೆಣ 2025ರ ಜನವರಿ 7ರಿಂದ 27ರವರೆಗೆ ಶವಾಗಾರದಲ್ಲಿ ಬಿದ್ದಿತ್ತು. ಊರವರು ಊರಲ್ಲಿ ಹೂಳಲು ಬಿಡಲಿಲ್ಲ, ಮಗ ಸುಪ್ರೀಂ ಕೋರ್ಟಿನವರೆಗೆ ಹೋದ. ಕನ್ನಡದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಸ್ವಂತ ಹೊಲದಲ್ಲಿ ಹೂಳಬಹುದು ಎಂದರು, ಜೊತೆಯ ನ್ಯಾಯಮೂರ್ತಿ ಒಪ್ಪಲಿಲ್ಲ. ಹೆಣ ಇನ್ನೂ ಕಾಯಬಾರದೆಂದು ಕೊನೆಗೆ ಇಪ್ಪತ್ತು ಕಿಲೋಮೀಟರಿಗೂ ದೂರದ ಕ್ರೈಸ್ತರ ಸುಡುಗಾಡಿನಲ್ಲಿ ಹೂಳುವಂತೆ ಆದೇಶವಾಯಿತು. ನಮ್ಮಲ್ಲಿ ಲಿಂಗಾಯತರು ಕೂರಿಸಿ ಹೂಳುತ್ತಾರೆ, ಕೆಲವರು ಮಲಗಿಸುತ್ತಾರೆ, ಕೆಲವರು ಸುಡುತ್ತಾರೆ. ಕ್ರಮ ಅವರವರದು, ಇರಲಿ. ದಾರಿ, ನೀರು, ಬೇಲಿ ಎಲ್ಲರದೂ ಒಂದೇ ಆಗಲಿ.

ನೀವು ಮಾಡಬಹುದಾದ ಕೆಲಸ ಹೇಳುತ್ತೇನೆ. ಗ್ರಾಮ ಆಡಳಿತಾಧಿಕಾರಿ (ವಿಎಒ) ಹತ್ತಿರ ಸುಡುಗಾಡಿನ ನಕ್ಷೆ ಕೇಳಿ, ಸರ್ವೆಯರನ್ನು ಕರೆಸಿ ಗಡಿಕಲ್ಲು ನೆಡಿಸಿ. ಒಂದು ನೋಟುಪುಸ್ತಕ ಇಟ್ಟು ಯಾರನ್ನು ಯಾವ ದಿನ ಎಲ್ಲಿ ಹೂತೆವು ಎಂದು ಬರೆಯಿರಿ. ಅರ್ಧ ಜಗಳ ಆ ಪುಸ್ತಕವೇ ತಡೆಯುತ್ತದೆ. ಕಲ್ಲು ಬೇಕೇ ಬೇಕು ಎನ್ನುವವರು ತಲೆಯ ಕಡೆ ಮೊಣಕಾಲೆತ್ತರದ ಒಂದು ಕಲ್ಲು ನಿಲ್ಲಿಸಲಿ. ಹೆಸರನ್ನು ಕನ್ನಡದಲ್ಲೂ ತಮಿಳಲ್ಲೂ ಕೆತ್ತಿಸಿ. ತಮಿಳು ಮಾತ್ರ ಓದಿ ಬೆಳೆಯುತ್ತಿರುವ ಮೊಮ್ಮಕ್ಕಳು ಕನ್ನಡದ ಕಲ್ಲಿನ ಮುಂದೆ ನಿಂತು ಇದು ಯಾರದು ಎಂದು ಕೇಳುವ ಕಾಲ ಆಗಲೇ ಬಂದಿದೆ. ಎಷ್ಟಡಿ ಅಗಲ, ಕಾಂಕ್ರೀಟು ಬೇಕೋ ಬೇಡವೋ ಎಂಬುದನ್ನು ಟೀ ಅಂಗಡಿಯಲ್ಲಿ ತೀರ್ಮಾನಿಸಬೇಡಿ. ಅಕ್ಟೋಬರ್ 2ಕ್ಕೆ, ನವೆಂಬರ್ 1ಕ್ಕೆ ಗ್ರಾಮಸಭೆ ಇರುತ್ತದೆ, ಅಲ್ಲಿ ಎದ್ದುನಿಂತು ತೀರ್ಮಾನ ಬರೆಸಿ. ಹೆಣ್ಣುಮಕ್ಕಳೂ ಮಾತಾಡಲಿ. ಸುಡುಗಾಡಿಗೆ ಅವರನ್ನು ಬಿಡದ ಮನೆಗಳಲ್ಲೂ ಎಡೆ ಇಡಲು ಅಡುಗೆ ಮಾಡುವವರು ಅವರೇ.

ಮಹಾಲಯ ಅಮಾವಾಸ್ಯೆಗೆ ಮುಂಚೆ ಎಲ್ಲ ಮನೆಯಿಂದ ಒಬ್ಬೊಬ್ಬರು ಕುಡುಗೋಲು ಹಿಡಿದು ಸುಡುಗಾಡಿಗೆ ಬನ್ನಿ. ಲಾಂಟಾನ ಕಡಿಯುವಾಗ ವಾರಸುದಾರರಿಲ್ಲದ ಗುಡ್ಡೆಗಳಿಂದ ಶುರು ಮಾಡಿ, ನಿಮ್ಮ ಮನೆಯವರದು ಕೊನೆಗೆ. ಬೆಂಕಿ ಹಚ್ಚಬೇಡಿ, ಪಕ್ಕದಲ್ಲೇ ಕಾಡು. ಬೆಳಿಗ್ಗೆ ಬಿಸಿಲೇರಿದ ಮೇಲೆ ಹೋಗಿ, ಸಂಜೆ ನಾಲ್ಕರೊಳಗೆ ಮನೆ ಸೇರಿ. ಬನ್ನೇರುಘಟ್ಟದ ಕಡೆಯ ಆನೆಗಳು ಚಳಿಗಾಲ ಶುರುವಾದರೆ ಜವಳಗಿರಿ ಕಾಡಿಗೆ ದಾಟುತ್ತವೆ, ಕೆಲವು ಮುಂಚೆಯೇ ಬಂದಿರುತ್ತವೆ.