ಲೋಹದ ಔಷಧಿಯ ಹಾನಿಯನ್ನು ಅಳೆಯುವುದು ಹೇಗೆ?



ಹಿಂದೆ ಕಬ್ಬಿನ ತುಂಡುಗಳನ್ನು ಪಾದರಸದ ಔಷಧಿಯಲ್ಲಿ ಅದ್ದಿ ನಾಟಿ ಮಾಡುತ್ತಿದ್ದರು. ಆ ಔಷಧಿಯನ್ನು ಸರಕಾರ 2018ರಲ್ಲಿ ನಿಷೇಧಿಸಿತು.

ಲೋಹದ ಸಂಯುಕ್ತಗಳು ಜೀವಕೋಶದೊಳಗಿನ ಡಿ.ಎನ್.ಎ. ಎಂಬ ವಂಶತಂತುವನ್ನು ಕಡಿಯುತ್ತವೆಯೇ ಎಂಬುದನ್ನು ‘ಕಾಮೆಟ್’ ಪರೀಕ್ಷೆಯಿಂದ ತಿಳಿಯುತ್ತಾರೆ. ಕೆಲವು ಇಲಿಗಳಿಗೆ ಸಂಯುಕ್ತವನ್ನು ಬೇರೆ ಬೇರೆ ಪ್ರಮಾಣದಲ್ಲಿ ಉಣಿಸುತ್ತಾರೆ, ಕೆಲವಕ್ಕೆ ಕೊಡುವುದಿಲ್ಲ. ಇವು ನಮ್ಮ ಪ್ರಯೋಗದ ಹೊಲದಲ್ಲಿ ಗೊಬ್ಬರ ಹಾಕದ ತಾಕು ಇದ್ದಂತೆ. ಬಳಿಕ ಯಕೃತ್ತಿನ ಅಥವಾ ರಕ್ತದ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಲೋಳೆಯಲ್ಲಿ ಹುದುಗಿಸಿ, ಪೊರೆ ಕರಗಿಸಿ, ವಿದ್ಯುತ್ ಹಾಯಿಸುತ್ತಾರೆ. ತುಂಡಾದ ತಂತು ಧೂಮಕೇತುವಿನ ಬಾಲದಂತೆ ಹೊರಸರಿಯುತ್ತದೆ. ಬಾಲ ಉದ್ದವಾದಷ್ಟೂ ಹಾನಿ ಹೆಚ್ಚು. ಮರ್ಕ್ಯುರಿಕ್ ಕ್ಲೋರೈಡ್ ಉಣಿಸಿದ ಇಲಿಗಳ ಬಿಳಿ ರಕ್ತಕಣಗಳಲ್ಲಿ ಇಂಥ ಬಾಲ ಕಂಡಿದೆ.

ಪಾದರಸದ ಹಳೆಯ ಡಬ್ಬಿ ಮನೆಯಲ್ಲಿದ್ದರೆ ಬಳಸಬೇಡಿರಿ, ಬಾವಿ ಹಳ್ಳಗಳಿಗೆ ಸುರಿಯಬೇಡಿರಿ. ಮಕ್ಕಳ ಕೈಗೆ ಸಿಗದಂತೆ ಇರಿಸಿ, ಕೃಷಿ ಅಧಿಕಾರಿಗಳಿಗೆ ತಿಳಿಸಿರಿ.